ಏಪ್ರಿಲ್ ಕೊನೆಗೆ ಜರ್ಮನಿಯ ಗೆಳೆಯರ ಜೊತೆ ಊರಿಗೆ ಬರುತ್ತಿದ್ದೇನೆ, ಬಿಸಿಲಿಗೆ ಏನು ಮಾಡಲಿ?

ಸ್ಟುಟ್‌ಗಾರ್ಟ್ ಸೀನ (ಫೆಬ್ರವರಿ 21)

ಎಲ್ಲರಿಗೂ ನಮಸ್ಕಾರ. ನಮ್ಮ ಊರು ತಿಪಟೂರು ಕಡೆ. ಜರ್ಮನಿಗೆ ಬಂದು 16 ವರ್ಷ ಆಯಿತು. ಊರಿಗೆ ಬರುವುದು ಯಾವಾಗಲೂ ಡಿಸೆಂಬರ್‌ನಲ್ಲೇ. ಹಾಗಾಗಿ ನಮ್ಮ ಬೇಸಿಗೆ ಹೇಗಿರುತ್ತದೆ ಅನ್ನೋದು ನನಗೇ ಮರೆತುಹೋಗಿದೆ.

ಈ ಸಲ ಆಫೀಸಿನ ಗೆಳೆಯ ಮತ್ತು ಅವನ ಹೆಂಡತಿ ನನ್ನ ಜೊತೆ ಬರುತ್ತಿದ್ದಾರೆ. ಇಬ್ಬರಿಗೂ ಅರವತ್ತರ ಆಸುಪಾಸು. ಗಟ್ಟಿ ಜೀವಗಳು, ಭಾನುವಾರ ಬಂತೆಂದರೆ ಬೆಟ್ಟ ಹತ್ತುವವರು. ಏಪ್ರಿಲ್ 18ಕ್ಕೆ ಬೆಂಗಳೂರಿಗೆ ಇಳಿದು ಮೇ 5ರ ರಾತ್ರಿ ವಾಪಸ್. ರಜೆ ಸಿಕ್ಕಿದ್ದೇ ಆಗ. ಟಿಕೆಟ್ ಕೂಡ ಆಗಿದೆ. "ಡಿಸೆಂಬರ್‌ಗೆ ಬನ್ನಿ" ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಬೇಸಿಗೆ ಅಂದ ಕೂಡಲೇ ಅವನ ಮುಖ ಅರಳುತ್ತದೆ. ಇಲ್ಲಿ ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಸ್ವಲ್ಪ ಬಿಸಿಲು ಬಿದ್ದರೆ ಸಾಕು, ಊರಿಗೆ ಊರೇ ಪಾರ್ಕಿನ ಹುಲ್ಲಿನ ಮೇಲೆ ಮಲಗಿರುತ್ತದೆ. ಅದೇ ಲೆಕ್ಕದಲ್ಲಿ ಅವನು ಚಡ್ಡಿ, ತೋಳಿಲ್ಲದ ಬನಿಯನ್ನು ಈಗಲೇ ತೆಗೆದಿಟ್ಟಿದ್ದಾನೆ.

ನಾನು ಹಾಕಿರುವ ಪ್ಲಾನ್ ಇದು: ಬೆಂಗಳೂರು 1 ದಿನ, ಹಂಪಿ 2, ಬಾದಾಮಿ-ಐಹೊಳೆ-ಪಟ್ಟದಕಲ್ಲು 1, ವಿಜಯಪುರ 1, ಬೀದರ್ 1, ಜೋಗ 1, ಗೋಕರ್ಣ 2, ಉಡುಪಿ 1, ಕುದುರೆಮುಖ ಚಾರಣ 1, ಚಿಕ್ಕಮಗಳೂರು 1, ಶ್ರವಣಬೆಳಗೊಳ-ಬೇಲೂರು-ಹಳೇಬೀಡು ಒಂದೇ ದಿನ, ಮೈಸೂರು 2, ಕಬಿನಿ 1. ಹೇಗಿದೆ?

ಬಸವನಗುಡಿ ಬಾಲ್ಕನಿ

ಇದು ಪ್ರವಾಸವೋ, ಚುನಾವಣಾ ಪ್ರಚಾರವೋ?

ಅಡಿಕೆ ತೋಟ

ಸೀನಣ್ಣ, ಸಾಗರದಿಂದ ಬರೆಯುತ್ತಿದ್ದೇನೆ. ಒಂದೇ ಮಾತು. ಉತ್ತರದ ಬಯಲುಸೀಮೆಗೆ ಹೋಗಬೇಡಿ. ಹಂಪಿ, ಬಾದಾಮಿ, ವಿಜಯಪುರ, ಬೀದರ್ ಎಲ್ಲ ಹೊಡೆದುಹಾಕಿ. ಅರವತ್ತರ ಜನರನ್ನು ಏಪ್ರಿಲ್‌ನಲ್ಲಿ ಆ ಕಾದ ಹೆಂಚಿನ ಮೇಲೆ ಯಾಕೆ ಕೂರಿಸುತ್ತೀರಿ? ಮಲೆನಾಡಿಗೆ ಬನ್ನಿ, ನೆರಳಾದರೂ ಇದೆ.

ಕಲಬುರಗಿ ಕಾಕಾ

ಅಡಿಕೆ ತೋಟದವರೇ, ನೆರಳೇನೋ ಇದೆ, ಒಪ್ಪಿದೆ. ಏಪ್ರಿಲ್‌ನಲ್ಲಿ ನಿಮ್ಮ ಜೋಗದಲ್ಲಿ ನೀರು ಎಷ್ಟಿರುತ್ತದೆ ಅಂತ ಅದನ್ನೂ ಹೇಳಿಬಿಡಿ.

ಅಡಿಕೆ ತೋಟ

ಕಾಕಾ, ಆ ಮಾತು ನಿಜ. ಬೇಸಿಗೆಯಲ್ಲಿ ಜೋಗ ಅಂದರೆ 253 ಮೀಟರ್ ಎತ್ತರದ ಒಣ ಬಂಡೆ. ಅಲ್ಲೊಂದು ಇಲ್ಲೊಂದು ಬಿಳಿ ದಾರದ ಹಾಗೆ ನೀರು. ರಾಜ, ರಾಣಿ, ರೋರರ್, ರಾಕೆಟ್ ಅಂತ ಬೆರಳು ಮಾಡಿ ತೋರಿಸಿದರೆ ನಿಮ್ಮ ಗೆಳೆಯರು "ಎಲ್ಲಿ?" ಅನ್ನುತ್ತಾರೆ. ಮೇಲೆ ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಟ್ಟ ಮೇಲೆ ಮಳೆಗಾಲ ಬಿಟ್ಟರೆ ಉಳಿದ ಕಾಲಕ್ಕೆ ಹೀಗೇ. ಜೋಗಕ್ಕೆ ಜುಲೈ, ಆಗಸ್ಟ್ ಬೇಕು. ಅದನ್ನು ಬಿಟ್ಟುಬಿಡಿ.

ಕುದುರೆಮುಖ ಚಾರಣವನ್ನೂ ಬಿಡಿ. ಬೇಸಿಗೆಯಲ್ಲಿ ಹುಲ್ಲುಗಾವಲು ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆಯವರು ಚಾರಣ ನಿಲ್ಲಿಸಿರುತ್ತಾರೆ. "ನಾನು ಕರಕೊಂಡು ಹೋಗುತ್ತೇನೆ ಬನ್ನಿ" ಅನ್ನುವವರು ಸಿಗುತ್ತಾರೆ, ನಂಬಬೇಡಿ.

ಇನ್ನೊಂದು ವಿಷಯ. ಇದನ್ನು ಯಾವ ಪ್ರವಾಸಿ ಪುಸ್ತಕವೂ ಹೇಳುವುದಿಲ್ಲ. ನಮ್ಮ ಕಡೆ ಬೇಸಿಗೆ ಅಂದರೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡಿದ್ದು, ಹಾಗಾಗಿ ಇಂಗ್ಲಿಷಿನಲ್ಲಿ ಆ ಊರಿನ ಹೆಸರೇ ಇದೆ. ಕಾಡಿನ ಉಣುಗು ಕಚ್ಚಿ ಬರುವ ಜ್ವರ. ಮಳೆ ಹಿಡಿದ ಮೇಲೆ ತಣ್ಣಗಾಗುತ್ತದೆ. ರಸ್ತೆಯಲ್ಲಿ ಓಡಾಡಿದರೆ, ಮನೆಯಲ್ಲಿ ಉಳಿದರೆ ಹೆದರುವಂಥದ್ದು ಏನಿಲ್ಲ. ಆದರೆ ಬೆಟ್ಟ ಹತ್ತುವ ಚಟ ಇರುವವರು ಸುಮ್ನೆ ಕಾಡಿನ ದರಗಿನ ಮೇಲೆ ಕೂರುವುದು, ಮಲಗುವುದು ಬೇಡ. ಮಂಗ ಸತ್ತಿದೆ ಅಂತ ಸುದ್ದಿ ಇರುವ ಕಡೆಗಂತೂ ಹೋಗಲೇಬೇಡಿ. ಉದ್ದ ಪ್ಯಾಂಟು, ಕಾಲುಚೀಲ ಹಾಕಿ. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ. ನಾವು ತೋಟಕ್ಕೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗುತ್ತೇವೆ.

ಕಲಬುರಗಿ ಕಾಕಾ

ಈಗ ನನ್ನ ಪಾಳಿ. ಸೀನಪ್ಪ, ಬಿಸಿಲು ಅಂದರೆ ಏನು ಅಂತ ನಮ್ಮನ್ನು ಕೇಳಿ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಆಫೀಸಿನ ವೇಳೆಯೇ ಬದಲಾಗುತ್ತದೆ. ಕಲಬುರಗಿ ವಿಭಾಗಕ್ಕೆಲ್ಲ ಮತ್ತೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಬಿಸಿಲಿಗೆ ಸರ್ಕಾರವೇ ಕೈಮುಗಿದ ಮೇಲೆ ನಿಮ್ಮ ಗೆಳೆಯ ಯಾವ ಲೆಕ್ಕ?

ಆದರೆ ಒಂದು ಮಾತು. ನಾವೂ ಅಲ್ಲೇ ಬದುಕುತ್ತೇವಲ್ಲ? ಹೇಗೆ? ನಸುಕಿನಲ್ಲಿ ಏಳುತ್ತೇವೆ. ಹತ್ತಕ್ಕೆ ಹೊರಗಿನ ಕೆಲಸ ಮುಗಿಸುತ್ತೇವೆ. ಹನ್ನೊಂದರಿಂದ ನಾಲ್ಕೂವರೆ ತನಕ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಊಟ, ನಿದ್ದೆ, ಮಜ್ಜಿಗೆ. ಮತ್ತೆ ಐದಕ್ಕೆ ಊರು ಎದ್ದು ಕೂರುತ್ತದೆ. ರಾತ್ರಿ ಹನ್ನೊಂದರ ತನಕ ಮಾರ್ಕೆಟ್ಟು. ಮಾಳಿಗೆಯ ಮೇಲೆ ಹಾಸಿಗೆ. ಬೇಸಿಗೆಯಲ್ಲಿ ಒಂದು ದಿನದೊಳಗೆ ಎರಡು ದಿನ ಇರುತ್ತವೆ, ನಡುವೆ ಒಂದು ರಾತ್ರಿ. ಆ ನಡುವಿನ ರಾತ್ರಿಯನ್ನು ನಿಮ್ಮ ಗೆಳೆಯ ಒಪ್ಪಿಕೊಂಡರೆ ವಿಜಯಪುರವನ್ನೂ ನೋಡಬಹುದು, ಬೀದರನ್ನೂ ನೋಡಬಹುದು. "ರಜೆ ಹಾಳಾಗುತ್ತದೆ" ಅಂತ ಮಧ್ಯಾಹ್ನವೂ ತಿರುಗುತ್ತೇನೆ ಅಂದರೆ ಬೇಡ, ಅಡಿಕೆ ತೋಟದವರ ನೆರಳೇ ಗತಿ.

ಹೊಸಪೇಟೆ ಹನುಮ

ಕಾಕಾ ಹೇಳಿದ್ದೇ ಸರಿ. ನಾನು ಹಂಪಿಯಲ್ಲಿ ಆಟೋ ಓಡಿಸುತ್ತೇನೆ. ಏಪ್ರಿಲ್, ಮೇನಲ್ಲಿ ಬರುವ ಹೊರಗಿನವರು ಎಲ್ಲರೂ ಮಾಡುವ ತಪ್ಪು ಒಂದೇ. ಹೋಟೆಲಿನಲ್ಲಿ ಆರಾಮಾಗಿ ತಿಂಡಿ ತಿಂದು ಒಂಬತ್ತೂವರೆಗೆ ಆಟೋ ಹತ್ತುತ್ತಾರೆ. ಹನ್ನೆರಡಕ್ಕೆ ವಿಜಯ ವಿಠ್ಠಲದಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕೂತಿರುತ್ತಾರೆ. ಹಂಪಿಯ ಕಷ್ಟ ಬರೀ ಸೂರ್ಯನಲ್ಲ ಸರ್, ಬಂಡೆ. ಹಗಲಿಡೀ ಕಾದ ಬಂಡೆ ರಾತ್ರಿ ಎಂಟರ ತನಕ ಬಿಸಿ ಉಗುಳುತ್ತದೆ. ನಾಲ್ಕೂ ಕಡೆ ಒಲೆ ಇಟ್ಟ ಹಾಗೆ.

ಎರಡು ದಿನ ಅಂತ ಲೆಕ್ಕ ಹಾಕಬೇಡಿ. ಮೂರು ಬೆಳಗ್ಗೆ, ಎರಡು ಸಂಜೆ ಅಂತ ಹಾಕಿ.

ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ. ಬೆಳಗ್ಗೆ ಹೊಸಪೇಟೆಗೆ ಬರುತ್ತೀರಿ. ಶಾಲೆ ರಜೆ ಕಾಲ, ಎಸಿ ಬೋಗಿ ಬೇಗ ತುಂಬುತ್ತದೆ. ಬುಕ್ಕಿಂಗ್ ತೆರೆಯುವುದು 60 ದಿನ ಮುಂಚೆ. ಅಂದರೆ ನಿಮಗೆ ಈಗಲೇ ಸಮಯ ಆಯಿತು, ಇದನ್ನು ಓದಿದ ಕೂಡಲೇ ಟಿಕೆಟ್ ಮಾಡಿ.

ಮಾತಂಗ ಬೆಟ್ಟ ಹತ್ತುವುದಾದರೆ ಕತ್ತಲಿರುವಾಗಲೇ ಟಾರ್ಚ್ ಹಿಡಿದು ಹೊರಡಿ, ಮೂವರೂ ಒಟ್ಟಿಗೆ ಇರಿ. ಇಳಿದು ಇಡ್ಲಿ ತಿಂದು ವಿಠ್ಠಲ ಗುಡಿ. ಗೇಟಿನಿಂದ ಗುಡಿಗೆ ಬ್ಯಾಟರಿ ಗಾಡಿ ಇರುತ್ತದೆ, ನಡೆಯುವ ಹಟ ಬೇಡ. ಅಲ್ಲಿ ವಿದೇಶಿಯರ ಟಿಕೆಟ್ 600 ರೂಪಾಯಿ, ನಮಗೆ 40. ಅದೇ ದಿನ ಕಮಲ ಮಹಲ್ ಕಡೆಗೂ ಅದೇ ಟಿಕೆಟ್ ನಡೆಯುತ್ತದೆ, ಬಿಸಾಡಬೇಡಿ. ಹತ್ತೂವರೆಗೆ ರೂಮು. ಸಂಜೆ ಐದಕ್ಕೆ ಹೇಮಕೂಟ, ಅಲ್ಲಿ ಗಾಳಿ ಬರುತ್ತದೆ. ಹೊಳೆಗೆ ಮಾತ್ರ ಇಳಿಯಬೇಡಿ. ನೋಡಲು ನೀರು ಕಮ್ಮಿ, ಆದರೆ ಬಂಡೆಯ ಸಂದಿನಲ್ಲಿ ಸೆಳೆತ ಇರುತ್ತದೆ, ಮೊಸಳೆಯೂ ಉಂಟು.

ಸ್ಟುಟ್‌ಗಾರ್ಟ್ ಸೀನ

ಹನುಮಣ್ಣ, ಟಿಕೆಟ್ ಮಾಡಿದೆ! ಮೂರೇ ಸೀಟು ಅಕ್ಕಪಕ್ಕ ಸಿಕ್ಕಿತು. ನನ್ನ ಹತ್ತಿರ ಇರುವುದು ಓಸಿಐ, ಅಂದರೆ ಸಾಗರೋತ್ತರ ಭಾರತೀಯ ಪ್ರಜೆಯ ಕಾರ್ಡು. ನನಗೂ 600 ರೂಪಾಯಿಯೇ?

ಬಸವನಗುಡಿ ಬಾಲ್ಕನಿ

ಇಲ್ಲ. 2021ರ ಆದೇಶದ ಪ್ರಕಾರ ಸ್ಮಾರಕ, ಮ್ಯೂಸಿಯಂ, ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಓಸಿಐನವರಿಗೂ ಭಾರತೀಯರ ದರವೇ. ಕಾರ್ಡು ಜೇಬಿನಲ್ಲಿರಲಿ. ಕೌಂಟರಿನಲ್ಲಿ ತಿಪಟೂರು ಕನ್ನಡ ಮಾತಾಡಿದರೆ ಕಾರ್ಡೂ ಕೇಳಲಿಕ್ಕಿಲ್ಲ.

ಬೆಂಗಳೂರು ಬಗ್ಗೆ ನಾನು ಹೇಳುತ್ತೇನೆ. 900 ಮೀಟರ್ ಎತ್ತರದಲ್ಲಿದ್ದೇವೆ, ನಮಗೆ ಸೆಕೆ ಇಲ್ಲ ಅನ್ನುವ ಜಂಬ ಹಳೆಯದಾಯಿತು. 2016ರ ಏಪ್ರಿಲ್‌ನಲ್ಲಿ ಇಲ್ಲೂ 39.2 ಡಿಗ್ರಿ ಆಗಿತ್ತು. ಆದರೂ ರಾತ್ರಿ ಸ್ವಲ್ಪ ತಂಪು, ಮರಗಳಿವೆ. ಬೆಳಗ್ಗೆ ಲಾಲ್‌ಬಾಗ್, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಗಾಂಧಿಬಜಾರ್. ಸಂಜೆ ನಾಲ್ಕರ ಮೇಲೆ ಮೋಡ ಕಟ್ಟಿ ಧೋ ಅಂತ ಸುರಿಯಬಹುದು. ಆಗ ಟ್ಯಾಕ್ಸಿಯವರು ಅಂಡರ್‌ಪಾಸ್ ಕಡೆ ತಿರುಗಿಸಿದರೆ ಬೇಡ ಅನ್ನಿ. ಮಳೆ ನಿಲ್ಲುವ ತನಕ ಯಾವುದಾದರೂ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ನಿಲ್ಲಿ.

ಡಾಕ್ಟರಮ್ಮ

ದಾವಣಗೆರೆಯಿಂದ. ನಾನು ವೈದ್ಯೆ, ಬೇಸಿಗೆಯಲ್ಲಿ ನಮ್ಮ ವಾರ್ಡಿನಲ್ಲಿ ನೋಡುವುದನ್ನೇ ಹೇಳುತ್ತೇನೆ.

ಸೀನ ಅವರೇ, ನಿಮ್ಮ ಗೆಳೆಯರು ಗಟ್ಟಿ ಜೀವ ಅಂದಿರಲ್ಲ, ನನಗೆ ಹೆದರಿಕೆ ಇರುವುದೇ ಅದಕ್ಕೆ. ಮೆತ್ತಗಿನವರು ಬೇಗ ಕೂತುಬಿಡುತ್ತಾರೆ. ಗಟ್ಟಿಯವರು "ಇನ್ನು ಸ್ವಲ್ಪ ದೂರ" ಅಂತ ನಡೆಯುತ್ತಾರೆ. ತಣ್ಣಗಿನ ದೇಶದಿಂದ ಬಂದ ಮೈ ಈ ಸೆಕೆಗೆ ಹೊಂದಲು ಒಂದೆರಡು ವಾರ ಬೇಕು. ಅದಕ್ಕೇ ಮೊದಲ ಮೂರು ದಿನ ಹಗುರವಾಗಿ ಇರಲಿ.

ಬಿಪಿ ಮಾತ್ರೆ ತಗೊಳ್ಳುವವರಾದರೆ ಹೊರಡುವ ಮೊದಲೇ ಅಲ್ಲಿಯ ಡಾಕ್ಟರನ್ನು ಕೇಳಲಿ. ಕೆಲವು ಮಾತ್ರೆ ಮೈಯಿಂದ ನೀರು ಹೊರಗೆ ಹಾಕುತ್ತವೆ, ಬೇಸಿಗೆಯಲ್ಲಿ ಅದು ಮುಖ್ಯ. ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ಬರೀ ನೀರಲ್ಲ, ಉಪ್ಪು ಬೇಕು. ಓಆರ್‌ಎಸ್ ಪ್ಯಾಕೆಟ್ ಬ್ಯಾಗಿನಲ್ಲಿರಲಿ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ, ಹೆಚ್ಚು ಕಮ್ಮಿ ಬೇಡ. ತಲೆನೋವು, ವಾಕರಿಕೆ, ಕಾಲಿನ ಮೀನಖಂಡ ಹಿಡಿಯುವುದು ಶುರುವಾದರೆ ನೆರಳಿಗೆ ಬಂದು ಅಲ್ಲಿಗೇ ದಿನ ಮುಗಿಸಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗಲಿಬಿಲಿಯಾದರೆ ತಡ ಮಾಡಬೇಡಿ. ಮೈಗೆ ನೀರು ಹಾಕುತ್ತಾ, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.

ಜರ್ಮನಿಯವರು ಅಂದಿರಿ. ಬಿಯರ್ ನೀರಿನ ಲೆಕ್ಕಕ್ಕೆ ಬರುವುದಿಲ್ಲ.

ಹೊಸಪೇಟೆ ಹನುಮ

ಡಾಕ್ಟ್ರೇ, ಕೊನೆಯ ಸಾಲು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಕಡಲ ಬದಿಯವಳು

ನಾನು ಕುಂದಾಪುರದವಳು. ಫೋನಿನಲ್ಲಿ ನಮ್ಮ ಕಡೆ 34 ಡಿಗ್ರಿ ಅಂತ ತೋರಿಸುತ್ತದೆ. ವಿಜಯಪುರದ 41 ನೋಡಿ ಬಂದವರು "ಓ, ತಂಪು" ಅಂತ ಖುಷಿಪಡುತ್ತಾರೆ. ಅರ್ಧ ಗಂಟೆ ಅಷ್ಟೇ. ಅಲ್ಲಿ ಬೆವರು ಆರುತ್ತದೆ, ಇಲ್ಲಿ ಆರುವುದೇ ಇಲ್ಲ. ಸ್ನಾನ ಮಾಡಿ ಟವೆಲ್ಲಿನಲ್ಲಿ ಒರೆಸಿಕೊಳ್ಳುವಾಗಲೇ ಬೆವರಲು ಶುರು. ಇಲ್ಲಿ ದಿನಕ್ಕೆ ಎರಡು ಸ್ನಾನ, ಮೂರು ಅಂಗಿ. ಜೀನ್ಸ್ ತರಬೇಡಿ, ಒಣಗಲ್ಲ.

ಆದರೆ ನಮ್ಮ ಬೇಸಿಗೆಯಲ್ಲಿ ಇರುವುದು ಬೇರೆ ಕಾಲದಲ್ಲಿ ಸಿಗುವುದಿಲ್ಲ. ಒಂದು, ಯಕ್ಷಗಾನ. ಮೇಳಗಳ ತಿರುಗಾಟ ಮೇ ತನಕ. ತುಳುನಾಡಿನಲ್ಲಿ ಮೇ 24ರ ಸುಮಾರಿಗೆ ಪತ್ತನಾಜೆ ಬಂದರೆ ಗೆಜ್ಜೆ ಬಿಚ್ಚಿದ ಹಾಗೆ. ಯಕ್ಷಗಾನದ ಆಟವೂ ಇಲ್ಲ, ಭೂತಕೋಲವೂ ಇಲ್ಲ. ನೀವು ಬರುವ ಹೊತ್ತಿಗೆ ಹರಕೆ ಆಟಗಳು ಜೋರಾಗಿ ನಡೆಯುತ್ತಿರುತ್ತವೆ. ಗದ್ದೆ ಬಯಲಿನಲ್ಲಿ, ಯಾರದೋ ಮನೆ ಎದುರು. ಟಿಕೆಟ್ ಇಲ್ಲ, ಕುರ್ಚಿ ಹಾಕಿರುತ್ತಾರೆ, ಹೋಗಿ ಕೂರುವುದು. ರಾತ್ರಿ ಗಾಳಿ ತಂಪು. ಭಾಷೆ ಗೊತ್ತಿಲ್ಲದಿದ್ದರೂ ಚೆಂಡೆ ಸಾಕು. ಪ್ರವಾಸಿಗರಿಗೆ ಅಂತ ಮಾಡಿದ ಅರ್ಧ ಗಂಟೆಯ ಪ್ರದರ್ಶನಕ್ಕೆ ಹೋಗಬೇಡಿ, ದಯವಿಟ್ಟು.

ಎರಡು, ಪುನರ್ಪುಳಿ. ಘಟ್ಟದ ಮೇಲಿನವರು ಮುರುಗಲು ಅನ್ನುತ್ತಾರೆ. ಆ ಕೆಂಪು ಪಾನಕ ಒಂದು ಲೋಟ ಕುಡಿದರೆ ಮೈ ಉರಿ ಇಳಿಯುತ್ತದೆ. ಮೂರು, ಮೀನು. ಜೂನ್ 1ರಿಂದ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಈಗಲೇ ತಿನ್ನಬೇಕು.

ಗೋಕರ್ಣದಲ್ಲಿ ಬೆಳಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಮಾತ್ರ ಮರಳಿಗೆ ಇಳಿಯಿರಿ. ಮಧ್ಯಾಹ್ನ ಬರಿಗಾಲಿನಲ್ಲಿ ನಡೆದರೆ ಬೊಬ್ಬೆ ಬರುತ್ತದೆ. ಕೆಂಪು ಬಾವುಟ ಇದ್ದರೆ ನೀರಿಗೆ ಬೇಡ. ಎಷ್ಟು ಚೆನ್ನಾಗಿ ಈಜು ಬಂದರೂ ಬೇಡ. ಅವರ ಊರಿನ ಸರೋವರ ಅಲ್ಲ ಇದು.

ಮಲ್ಲಿಗೆ ಮೊಗ್ಗು

ಮೈಸೂರಿನಿಂದ ನಮಸ್ಕಾರ. ಎಲ್ಲರೂ ತಲೆಯ ಬಗ್ಗೆ ಹೇಳುತ್ತಿದ್ದೀರಿ. ನಾನು ಕಾಲಿನ ಬಗ್ಗೆ ಹೇಳುತ್ತೇನೆ.

ಹೋದ ಮೇ ತಿಂಗಳು ನಮ್ಮ ಅತ್ತೆಯ ತಮ್ಮ ದೆಹಲಿಯಿಂದ ಬಂದಿದ್ದರು. ಬೇಲೂರಿಗೆ ಹೊರಟೆವು. ದಾರಿಯಲ್ಲಿ ತಿಂಡಿ, ಫೋಟೋ, ಎಳನೀರು ಅಂತ ಹೊತ್ತಾಗಿ ತಲುಪಿದಾಗ ಹನ್ನೆರಡೂ ಕಾಲು. ಚಪ್ಪಲಿ ಹೊರಗೆ ಬಿಟ್ಟು ಅಂಗಳಕ್ಕೆ ಕಾಲಿಟ್ಟರು ನೋಡಿ. ಅಂಗಳಕ್ಕೆಲ್ಲ ಕಲ್ಲು ಹಾಸು. ಮಾಮ ಒಂದು ಕಾಲು ಎತ್ತಿದರು, ಇನ್ನೊಂದು ಎತ್ತಿದರು, ಆಮೇಲೆ ಎರಡನ್ನೂ ಒಟ್ಟಿಗೆ ಎತ್ತಲು ನೋಡಿದರು. ಒಳಗಿನ ಶಿಲಾಬಾಲಿಕೆಯರಿಗಿಂತ ಚೆನ್ನಾಗಿ ಕುಣಿದರು ಅಂತ ಈಗಲೂ ನಗುತ್ತೇವೆ. ಅವರು ನಗಲ್ಲ.

ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ ಪ್ರತಿಯೊಬ್ಬರ ಬ್ಯಾಗಿನಲ್ಲೂ ಇರಲಿ. ನೈಲಾನ್ ಬೇಡ. ಶ್ರವಣಬೆಳಗೊಳದಲ್ಲಿ ಇದಿಲ್ಲದೆ ಆಗುವುದೇ ಇಲ್ಲ. ಬರಿಗಾಲಿನಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು, ಎಲ್ಲ ಬಂಡೆಯಲ್ಲೇ ಕಡಿದಿದ್ದು. ನಸುಕಿನಲ್ಲಿ ಹತ್ತಿ ಒಂಬತ್ತರೊಳಗೆ ಇಳಿದರೆ ಸ್ವರ್ಗ. ಹನ್ನೊಂದಕ್ಕೆ ಹತ್ತಿದರೆ ಗೊಮ್ಮಟ ಕಾಣುವ ಮೊದಲು ಬೇರೆ ಏನೇನೋ ಕಾಣುತ್ತದೆ. ಹತ್ತಲಾಗದವರಿಗೆ ಡೋಲಿ ಇದೆ. ಮೂರೂ ಊರು ಒಂದೇ ದಿನಕ್ಕೆ ಬೇಡ. ಹಾಸನದಲ್ಲಿ ಎರಡು ರಾತ್ರಿ ಉಳಿಯಿರಿ.

ಮೈಸೂರು ಸುಲಭ. ಭಾನುವಾರ ಸಂಜೆ ಇಲ್ಲಿರುವ ಹಾಗೆ ದಿನ ಹೊಂದಿಸಿ, ಏಳಕ್ಕೆ ಅರಮನೆ ದೀಪ ಹತ್ತುತ್ತದೆ. ಮಂಗಳವಾರ ಮೃಗಾಲಯ ರಜೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಬೆಳಗ್ಗೆ ಆರಕ್ಕೆ. ಬೆಟ್ಟ ಹತ್ತುವ ಆಸೆ ಅಲ್ಲೇ ತೀರಲಿ.

ಬಟ್ಟೆ ವಿಷಯ. ಚಡ್ಡಿ, ಬನಿಯನ್ನು ಜರ್ಮನಿಯಲ್ಲೇ ಬಿಟ್ಟುಬರಲಿ. ಗುಡಿಗೂ ಆಗಲ್ಲ, ಬಿಸಿಲಿಗೂ ಆಗಲ್ಲ. ಬಿಳಿ ಚರ್ಮ ಒಂದೇ ದಿನದಲ್ಲಿ ಸುಟ್ಟು ಸಿಪ್ಪೆ ಏಳುತ್ತದೆ. ನಮ್ಮಲ್ಲಿ ಹೊಲದಲ್ಲಿ ಕೆಲಸ ಮಾಡುವವರನ್ನು ನೋಡಿ, ತುಂಬು ತೋಳಿನ ಅಂಗಿ, ತಲೆಗೆ ಟವೆಲ್. ಬಿಸಿಲು ಗೊತ್ತಿರುವವರ ವೇಷ ಅದು. ತೆಳು ಹತ್ತಿಯ ಜುಬ್ಬ, ಪಂಚೆ ಇಲ್ಲೇ ಕೊಡಿಸಿ. ಗೆಳೆಯನ ಹೆಂಡತಿಗೆ ಹತ್ತಿಯ ಸಡಿಲ ಚೂಡಿದಾರ್.

ಕಾಫಿ ಹೂ

ಚಿಕ್ಕಮಗಳೂರು. ಕಾಫಿ ಹೂವು ನೋಡುವ ಆಸೆ ಇದ್ದರೆ ಬಿಡಿ, ಏಪ್ರಿಲ್ ಕೊನೆಗೆ ಮುಗಿದಿರುತ್ತದೆ. ಶನಿವಾರ, ಭಾನುವಾರ ಬರಬೇಡಿ, ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರುಗಳ ಹಿಂಭಾಗ ಬಿಟ್ಟು ಏನೂ ಕಾಣಲ್ಲ. ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಗಿರಿಯ ಮೇಲೆ ನಿಲ್ಲಬೇಡಿ. ಬೋಳು ನೆತ್ತಿ, ಸಿಡಿಲು ಬೇರೆ ಎಲ್ಲಿ ಬೀಳಬೇಕು? ಒಂಟಿ ಮರದ ಕೆಳಗೂ ನಿಲ್ಲಬೇಡಿ, ಕಾರಿನೊಳಗೆ ಕೂರಿ. ಇದು ತಮಾಷೆಯ ಮಾತಲ್ಲ, ನಮ್ಮ ಪಕ್ಕದ ತೋಟದಲ್ಲೇ ಆಗಿದೆ.

ಕಬಿನಿಯನ್ನು ಮಾತ್ರ ಬಿಡಬೇಡಿ. ನಿಮ್ಮ ಇಡೀ ಪಟ್ಟಿಯಲ್ಲಿ ಬೇಸಿಗೆಯಲ್ಲೇ ನೋಡಬೇಕಾದದ್ದು ಅಂದರೆ ಅದು. ಕಾಡಿನೊಳಗಿನ ಕೆರೆ ಒಣಗುತ್ತವೆ, ಹಿನ್ನೀರು ಇಳಿದ ಕಡೆ ಹಸಿರು ಹುಲ್ಲು ಏಳುತ್ತದೆ. ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೆ ಬರುತ್ತವೆ. ಪೊದೆ ಒಣಗಿರುವುದರಿಂದ ಹುಲಿಯೂ ಕಣ್ಣಿಗೆ ಬೀಳಬಹುದು. ಸಫಾರಿ ನಡೆಯುತ್ತಿದೆಯಾ ಅಂತ ಕೇಳಿ ಖಚಿತ ಮಾಡಿಕೊಂಡೇ ದುಡ್ಡು ಕಟ್ಟಿ.

ಅಡಿಕೆ ತೋಟ

ಮಾವಿನ ಹಣ್ಣಿನ ಸುದ್ದಿ ಯಾರೂ ಎತ್ತಲಿಲ್ಲವಲ್ಲ!

ಬಸವನಗುಡಿ ಬಾಲ್ಕನಿ

ಬಾದಾಮಿ. ಬೇರೆ ಮಾತೇ ಇಲ್ಲ. ಹೊರಗಿನವರು ಆಲ್ಫಾನ್ಸೋ ಅನ್ನುವುದು ಇದನ್ನೇ. ತಣ್ಣೀರಿನಲ್ಲಿ ಒಂದು ಗಂಟೆ ಹಾಕಿಟ್ಟು ಕತ್ತರಿಸಿ ಕೊಡಿ.

ಮಲ್ಲಿಗೆ ಮೊಗ್ಗು

ಚಾಕು ಹಿಡಿದು ತಿನ್ನುವವರು ಬಾದಾಮಿ ತಿನ್ನಲಿ. ಹಣ್ಣು ಗೊತ್ತಿರುವವರಿಗೆ ರಸಪುರಿ. ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಬಾಯಿಗಿಟ್ಟು ಹೀರುವುದು. ಮೊಣಕೈ ತನಕ ರಸ ಇಳಿಯಬೇಕು. ಅವರಿಗೆ ಈ ವಿದ್ಯೆ ಕಲಿಸದೆ ಕಳಿಸಿದರೆ ಸೀನ ಅವರೇ, ನಿಮ್ಮನ್ನು ಕನ್ನಡಿಗ ಅನ್ನಲ್ಲ.

ಕಲಬುರಗಿ ಕಾಕಾ

ಹಣ್ಣಿನ ಜಗಳ ಆಮೇಲೆ. ಕುಡಿಯುವುದರ ಬಗ್ಗೆ ಕೇಳಿ. ರಸ್ತೆ ಬದಿಯ ಜ್ಯೂಸಿಗೆ ಹಾಕುವ ಐಸು ಬೇಡ, ಹೊಸ ಹೊಟ್ಟೆ ತಡೆಯುವುದಿಲ್ಲ. ಎಳನೀರು ಕುಡಿಯಿರಿ, ಎದುರಿಗೇ ಕೆತ್ತಿ ಕೊಡುತ್ತಾರೆ. ನಂದಿನಿ ಮಜ್ಜಿಗೆ ಪ್ಯಾಕೆಟ್ ಎಲ್ಲ ಕಡೆ ಸಿಗುತ್ತದೆ. ಊರೂರಿನಲ್ಲಿ ಅರವಟ್ಟಿಗೆ ಇಟ್ಟಿರುತ್ತಾರೆ, ಹರವಿಯಲ್ಲಿ ತಣ್ಣನೆ ನೀರು, ಕಾಸಿಲ್ಲ. ನಿಮ್ಮ ಗೆಳೆಯರು ಕುಡಿಯದಿದ್ದರೂ ನಿಂತು ನೋಡಲಿ. ಗುರುತಿಲ್ಲದವರಿಗೆ ನೀರಿಡುವುದು ನಮ್ಮ ಕಡೆಯ ಬೇಸಿಗೆ.

ಬಾದಾಮಿಯಲ್ಲಿ ಹೋಟೆಲ್ ಊಟ ಬಿಟ್ಟು ಬನಶಂಕರಿಗೆ ಹೋಗಿ. ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಅವ್ವಂದಿರು ಕೂತಿರುತ್ತಾರೆ. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಖಾರ ಕಮ್ಮಿ ಹಾಕವ್ವಾ ಅಂತ ಮೊದಲೇ ಹೇಳಿ.

ಸ್ಟುಟ್‌ಗಾರ್ಟ್ ಸೀನ (ಮಾರ್ಚ್ 2)

ಎಲ್ಲರ ಮಾತು ಅವರಿಬ್ಬರಿಗೂ ಓದಿ ಹೇಳಿದೆ. ಜೋಗ, ಕುದುರೆಮುಖ, ಬೀದರ್, ಚಿಕ್ಕಮಗಳೂರು ಬಿಟ್ಟೆವು. ಬೆಂಗಳೂರು, ಹಂಪಿ, ಬಾದಾಮಿ, ವಿಜಯಪುರ. ಅಲ್ಲಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಗೋಕರ್ಣ, ಕುಂದಾಪುರ. ಆಮೇಲೆ ಹಾಸನ, ಮೈಸೂರು, ಕಬಿನಿ. ಮಧ್ಯಾಹ್ನ ಮಲಗುವ ವಿಷಯಕ್ಕೆ ಗೆಳೆಯ ಇನ್ನೂ ಒಪ್ಪಿಲ್ಲ. "ನಾನು ಮಗುವಲ್ಲ" ಅನ್ನುತ್ತಾನೆ.

ಕಲಬುರಗಿ ಕಾಕಾ

ಬೀದರ್ ಬಿಟ್ಟಿರಾ. ಆಗಲಿ. ಮಲಗುವ ವಿಷಯಕ್ಕೆ ನೀವು ಏನೂ ಹೇಳಬೇಡಿ. ಹೊಸಪೇಟೆ ಹೇಳುತ್ತದೆ.

ಸ್ಟುಟ್‌ಗಾರ್ಟ್ ಸೀನ (ಮೇ 9)

ವಾಪಸ್ ಬಂದೆವು. ಇಲ್ಲಿ 12 ಡಿಗ್ರಿ, ಜಿಟಿಜಿಟಿ ಮಳೆ. ವರದಿ ಒಪ್ಪಿಸುತ್ತಿದ್ದೇನೆ.

ಹೊಸಪೇಟೆ ಹೇಳಿತು ಕಾಕಾ. ಮೊದಲ ದಿನ ಹಟ ಮಾಡಿ ಹನ್ನೊಂದೂವರೆಗೆ ಮಹಾನವಮಿ ದಿಬ್ಬ ಹತ್ತಿದ. ಇಳಿದು ಬಂದು ಮಾತಾಡದೆ ಆಟೋದಲ್ಲಿ ಕೂತ. ರೂಮಿಗೆ ಹೋಗಿ ಮೂರು ಗಂಟೆ ನಿದ್ದೆ. ಮಾರನೇ ದಿನದಿಂದ ಹತ್ತಕ್ಕೇ ಗಡಿಯಾರ ನೋಡಲು ಶುರು ಮಾಡಿದ. ಕೊನೆಯ ವಾರವಂತೂ ಊಟವಾದ ಕೂಡಲೇ ಪಂಚೆ ಸಡಿಲ ಮಾಡಿ ಫ್ಯಾನಿನ ಕೆಳಗೆ ನೆಲದ ಮೇಲೆ. ಮಂಚ ಬಿಸಿಯಂತೆ, ರೆಡಾಕ್ಸೈಡ್ ನೆಲವೇ ತಂಪಂತೆ. ಇದನ್ನು ನಮ್ಮ ದೊಡ್ಡಮ್ಮ ಹೇಳಿಕೊಟ್ಟಿದ್ದು.

ಬಾಡಿಗೆ ಕಾರಿನ ಎಸಿ ಹೊಸಪೇಟೆ ಬಿಟ್ಟು ಒಂದು ಗಂಟೆಗೆ ಕೈಕೊಟ್ಟಿತು. ಡ್ರೈವರ್ ಒಂದು ದಾಬಾದ ಬೇವಿನ ಮರದ ಕೆಳಗೆ ನಿಲ್ಲಿಸಿ, "ಸಂಜೆ ಹೋಗೋಣ ಸರ್, ಈಗ ಬೇಡ" ಅಂದುಬಿಟ್ಟರು. ಐದು ಗಂಟೆ ಅಲ್ಲೇ ಹಗ್ಗದ ಮಂಚದ ಮೇಲೆ. ಮರದ ಕೆಳಗೂ ಹೊರಗೂ ಇಷ್ಟು ವ್ಯತ್ಯಾಸ ಇರುತ್ತದಾ ಅಂತ ಗೆಳೆಯನ ಹೆಂಡತಿ ಕೈ ಚಾಚಿ ಚಾಚಿ ನೋಡುತ್ತಿದ್ದರು.

ಗೋಲಗುಮ್ಮಟಕ್ಕೆ ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಹೋದೆವು. ರಜೆಯ ಮಕ್ಕಳು ಬಂದು ಕೂಗು ಹಾಕುವ ಮೊದಲು ಹತ್ತು ನಿಮಿಷ ನಮಗೆ ಸಿಕ್ಕಿತು. ಇವನು ಈ ಕಡೆ, ಅವರು ಆ ಕಡೆ. ಗೋಡೆಗೆ ಬಾಯಿಟ್ಟು ಏನೋ ಪಿಸುಗುಟ್ಟಿದ. ಏನು ಅಂತ ಇಬ್ಬರೂ ಹೇಳಿಲ್ಲ.

ಕುಂದಾಪುರದ ಅಕ್ಕಾ, ಹರಕೆ ಆಟಕ್ಕೆ ಹೋದೆವು. ಅರ್ಧ ಗಂಟೆ ಕೂತು ಬರೋಣ ಅಂದವರು ರಾತ್ರಿ ಒಂದರ ತನಕ ಕೂತರು. ಬೇಲೂರಿಗೆ ಬೆಳಗ್ಗೆ ಏಳೂವರೆಗೇ ಹೋದೆವು, ಕಾಲುಚೀಲ ಬ್ಯಾಗಿನಲ್ಲೇ ಉಳಿಯಿತು. ಕಬಿನಿಯಲ್ಲಿ ಹುಲಿ ಕಾಣಲಿಲ್ಲ. ಆನೆ ಎಣಿಸಿ 40ಕ್ಕೆ ನಿಲ್ಲಿಸಿದೆವು.

ಮೈಸೂರಿನಲ್ಲಿ ಒಂದು ಸಂಜೆ ಐದಕ್ಕೆ ಆಕಾಶ ಕಪ್ಪಾಯಿತು. ಗಾಳಿ, ಧೂಳು, ಆಮೇಲೆ ಆಲಿಕಲ್ಲು. ಓಣಿಯ ಹುಡುಗರೆಲ್ಲ ಪಾತ್ರೆ ಹಿಡಿದು ಹೊರಗೆ. ಇವನೂ ಪಂಚೆ ಎತ್ತಿ ಕಟ್ಟಿ ಅವರ ಜೊತೆ ಆಲಿಕಲ್ಲು ಆರಿಸಿದ. ಕರೆಂಟ್ ಹೋಯಿತು, ರಾತ್ರಿ ಹತ್ತಾದರೂ ಬರಲಿಲ್ಲ. ಜಗಲಿಯ ಮೇಲೆ ಕತ್ತಲಲ್ಲಿ ಕೂತು ಒಂದು ಡಜನ್ ರಸಪುರಿ ಖಾಲಿ ಮಾಡಿದೆವು. ಅದೇನು ವಾಸನೆ ಅಂತ ಕೇಳುತ್ತಲೇ ಇದ್ದ. ಕಾದ ಮಣ್ಣಿಗೆ ಮೊದಲ ಮಳೆ ಬಿದ್ದದ್ದು ಅಂದೆ. 16 ವರ್ಷ ಆಗಿತ್ತು, ನಾನೂ ಅದನ್ನು ಮರೆತಿದ್ದೆ.

ಮಲ್ಲಿಗೆ ಮೊಗ್ಗು

ಅದು ಭರಣಿ ಮಳೆ. "ಭರಣಿ ಮಳೆ ಧರಣಿ ಬೆಳೆ" ಅಂತ ನಮ್ಮಜ್ಜಿ ಹೇಳೋರು. ರಸಪುರಿ ಅಂದಿರಲ್ಲ, ಬಾಲ್ಕನಿಯವರು ಓದಿದರಾ?

ಬಸವನಗುಡಿ ಬಾಲ್ಕನಿ

ಓದಿದೆ. ಕತ್ತಲಲ್ಲಿ ತಿಂದಿದ್ದು ಲೆಕ್ಕಕ್ಕಿಲ್ಲ.

ಕಲಬುರಗಿ ಕಾಕಾ

ಎಲ್ಲ ಸರಿ. ಬೀದರ್ ಯಾವಾಗ?

ಸ್ಟುಟ್‌ಗಾರ್ಟ್ ಸೀನ

ಅವನೇ ಕೇಳುತ್ತಿದ್ದಾನೆ ಕಾಕಾ. ಜನವರಿ ಅಂದರೆ ಒಪ್ಪುತ್ತಿಲ್ಲ. ಜನವರಿಯಲ್ಲಿ ಮಧ್ಯಾಹ್ನ ಮಲಗಲು ಬಿಡುತ್ತಾರಾ ಅಂತ ಕೇಳು ಅನ್ನುತ್ತಾನೆ.

ಕಲಬುರಗಿ ಕಾಕಾ

ಜನವರಿಗೆ ಹೊಲದಲ್ಲಿ ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಟ್ಟು ತಿನ್ನಿಸಿದ ಮೇಲೆ ಅವನಿಗೇ ನಿದ್ದೆ ಬರುತ್ತದೆ. ಬರಲಿಕ್ಕೆ ಹೇಳಿ.